ಹೆಸರುಳಿಯದ ಕೈಗಳು

ತೋರಣಗಲ್ಲು ಎಂದೊಡನೆ ಈಗ ನೆನಪಾಗುವುದು ಉಕ್ಕಿನ ಕಾರ್ಖಾನೆ. ಅಲ್ಲಿನ ಯಂತ್ರವೊಂದನ್ನು ಕಂಡುಹಿಡಿದವರು ಯಾರೆಂದು ಹುಡುಕಿದರೆ ಎಲ್ಲಾದರೂ ಒಂದು ಹೆಸರು, ಒಂದು ಪೇಟೆಂಟ್ ಸಿಕ್ಕೀತು. ಅದೇ ಸಂಡೂರು ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಸ್ತ್ರೀಯರು ಹಾಕುವ ಕಸೂತಿಯ ಮೂಲವನ್ನು ಹುಡುಕಿ ನೋಡಿ, ಯಾವ ಹೆಸರೂ ಸಿಗದು.

ಆ ಕಸೂತಿಯ ಕನ್ನಡಿ ಚೂರನ್ನು ಎಂದಾದರೂ ಹತ್ತಿರದಿಂದ ಗಮನಿಸಿದ್ದೀರಾ? ಅದಕ್ಕೆ ತೂತಿಲ್ಲ. ಗಾಜಿನ ಮೇಲೆ ಅಡ್ಡಲಾಗಿಯೂ ಉದ್ದವಾಗಿಯೂ ದಾರವೆಳೆದು, ಆ ದಾರಕ್ಕೇ ಸುತ್ತಲೂ ಹೊಲಿಗೆ ಹಾಕುತ್ತ ಬಂದಂತೆ ಅದು ಅಂಚಿಗೆ ಸರಿದು ಗಾಜನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದನ್ನು ಮೊದಲು ಯೋಚಿಸಿದವಳು ಒಬ್ಬಳು ಇದ್ದಿರಲೇಬೇಕು. ಬಿಸಾಡಬೇಕಾದ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಸ ವಸ್ತ್ರವಾಗಿಸಬಹುದೆಂದು ಕಂಡುಕೊಂಡವಳು ಇನ್ನೊಬ್ಬಳು. ನಾವು ಅವರನ್ನು ಸಂಶೋಧಕಿಯರೆಂದು ಕರೆಯುವುದಿಲ್ಲ, ಅವರ ಕೆಲಸವನ್ನು ‘ಸಂಪ್ರದಾಯ’ ಎನ್ನುತ್ತೇವೆ. ಅದು ಗೌರವದ ಮಾತೇ. ಆದರೆ ಋಣವನ್ನು ಮರೆಯಲು ಅದೊಂದು ಸುಲಭದ ನೆಪವೂ ಆಗಬಲ್ಲದು.

2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹಕ್ಕು ಒಬ್ಬ ವ್ಯಕ್ತಿಗಲ್ಲ, ಸಮುದಾಯಕ್ಕೆ. ಇದು ನ್ಯಾಯವೆಂದೇ ನನ್ನ ಭಾವನೆ. ತಾಯಿ ಕಲಿಸಿದ್ದಕ್ಕೆ ಮಗಳು ಸೇರಿಸಿ, ಮೊಮ್ಮಗಳು ತಿದ್ದಿ ಬೆಳೆಸಿದ್ದನ್ನು ಒಬ್ಬಳೇ ‘ನನ್ನದು’ ಎಂದರೆ ಉಳಿದವರಿಗೆ ಅನ್ಯಾಯವಾದೀತು. 2023ರ ಜುಲೈಯಲ್ಲಿ, ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಸ್ತ್ರೀಯರು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅಲ್ಲಿಯೂ ನೆನಪಿನಲ್ಲಿ ಉಳಿದದ್ದು ಸಂಖ್ಯೆ.

ವಿಮೋಚನಕಾಂಡದಲ್ಲಿಯೂ ಹೀಗೆಯೇ. ದೇವದರ್ಶನದ ಗುಡಾರವನ್ನು ರೂಪಿಸಿದ ಬೆಚಲೇಲನ ಹೆಸರಿದೆ, ಅವನ ತಂದೆಯ ಹೆಸರೂ ಇದೆ. ಅದೇ ಗುಡಾರಕ್ಕಾಗಿ ನೀಲಿ, ಕಡುಗೆಂಪು ದಾರಗಳನ್ನು ನೂತುಕೊಟ್ಟ ಸ್ತ್ರೀಯರು ‘ಜಾಣೆಯರು’ ಮಾತ್ರ. ಎಷ್ಟು ಬಾರಿ ಆ ಅಧ್ಯಾಯವನ್ನು ಓದಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಗತಿಸಿದವರ ಹೆಸರು ಇನ್ನು ಸಿಗಲಾರದು. ಆದರೆ ಬದುಕಿರುವವರದು? ಕೆಲವು ವರ್ಷಗಳ ಹಿಂದೆ ಹಂಪಿಯ ಬೀದಿಯಲ್ಲಿ ಲಂಬಾಣಿ ಮಹಿಳೆಯೊಬ್ಬರಿಂದ ಒಂದು ಕೈಚೀಲ ಕೊಂಡೆ. ಚೌಕಾಸಿ ಮಾಡಿ ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡೆ, ಅದನ್ನು ಜಾಣತನವೆಂದೂ ಭಾವಿಸಿದೆ. ಕಸೂತಿ ಕಲಿಸಿದವರು ಯಾರೆಂದು ಕೇಳಿದಾಗ ಆಕೆ “ನಮ್ಮ ಯಾಡಿ” ಎಂದರು. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ. ಆ ಯಾಡಿಯ ಹೆಸರನ್ನಾಗಲಿ, ಆಕೆಯ ಹೆಸರನ್ನಾಗಲಿ ನಾನು ಕೇಳಲಿಲ್ಲ. ಆ ಚೀಲವನ್ನು ಈಗಲೂ ಬಳಸುತ್ತಿದ್ದೇನೆ. ಒಂದು ಕನ್ನಡಿಯೂ ಕಳಚಿಲ್ಲ.