ತವರೂ ನೆಲೆಯೂ

ಬಿಟ್ಟು ಬಂದ ನೆಲವನ್ನು ಪ್ರೀತಿಸುವವರು ಬಂದು ನಿಂತ ನೆಲದಲ್ಲಿ ಬೇರು ಬಿಟ್ಟರೆ ಅದು ಹಳೆಯ ಪ್ರೀತಿಗೆ ಬಗೆದ ದ್ರೋಹವೇ? ನಿರಾಶ್ರಿತರ ಪ್ರತಿ ತಲೆಮಾರೂ ಈ ಪ್ರಶ್ನೆಯನ್ನು ಎದುರಿಸುತ್ತದೆ. ತ್ಸೆರಿಂಗ್ ಯಾಂಗ್ಜೋಮ್ ಲಾಮಾ ಅವರ ‘ವಿ ಮೆಷರ್ ದಿ ಅರ್ಥ್ ವಿತ್ ಅವರ್ ಬಾಡೀಸ್’ (2022) ಕಾದಂಬರಿಯ ಒಡಲಲ್ಲಿರುವುದೂ ಇದೇ ಪ್ರಶ್ನೆ. ಟಿಬೆಟ್‌ನಿಂದ ಓಡಿಬಂದ ಲಾಮೋ ಮತ್ತು ತೆಂಕಿ ಎಂಬ ಅಕ್ಕತಂಗಿಯರು ನೇಪಾಳದ ನಿರಾಶ್ರಿತರ ಶಿಬಿರದಲ್ಲಿ ಬೆಳೆಯುತ್ತಾರೆ. ಅಲ್ಲಿ ಲಾಮೋಗೂ ಸಂಫೆಲ್ ಎಂಬ ಹುಡುಗನಿಗೂ ಪ್ರೀತಿ ಹುಟ್ಟುತ್ತದೆ. ಮುಂದೆ ತೆಂಕಿಯೂ ಲಾಮೋಳ ಮಗಳು ಡೋಲ್ಮಾಳೂ ಕೆನಡಾದ ಟೊರಾಂಟೊ ಸೇರುತ್ತಾರೆ. ಊರಿಂದ ಹೊರಟವರು ಒಬ್ಬರನ್ನೊಬ್ಬರು ಬಿಟ್ಟು ಇನ್ನೂ ದೂರ ಹೊರಡಬೇಕಾಗುತ್ತದೆ. ಪ್ರೀತಿಗೂ ನಿಲ್ಲಲು ಒಂದು ನೆಲ ಬೇಕು ಎಂಬುದನ್ನು ಕಾದಂಬರಿ ಕಾಣಿಸುತ್ತದೆ.

ಕಾದಂಬರಿಯ ಹೆಸರು ಮೈಯಿಂದಲೇ ನೆಲವನ್ನು ಅಳೆಯುತ್ತ ಸಾಗುವ ಟಿಬೆಟನ್ ಯಾತ್ರಿಕರ ದೀರ್ಘದಂಡ ನಮಸ್ಕಾರವನ್ನು ನೆನಪಿಸುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಉರುಳು ಸೇವೆ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೈಯನ್ನು ನೆಲಕ್ಕೆ ತಾಗಿಸುತ್ತ ಸಾಗುವ ಭಕ್ತಿ ಎರಡರಲ್ಲೂ ಇದೆ.

ಆ ಬೆಟ್ಟವಿರುವ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲೇ ಟಿಬೆಟನ್ನರ ಧೋಂಡೆನ್‌ಲಿಂಗ್ ವಸತಿ ಇದೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಮುಂಡಗೋಡು, ಹುಣಸೂರುಗಳ ನಂತರ 1973-74ರ ಹೊತ್ತಿಗೆ ಒಡೆಯರಪಾಳ್ಯದ ಸರದಿ ಬಂತು. ಹಿಮದ ನಾಡಿನವರು ಒಣಭೂಮಿಯಲ್ಲಿ ಮಳೆಗೆ ಕಾದು ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ತಿರುಗುವುದು ಇಂಥ ಕುಟುಂಬಗಳ ಇನ್ನೊಂದು ಜೀವನೋಪಾಯ. ಝೋಗ್‌ಚೆನ್ ಮಠವೂ ಇಲ್ಲಿ ಎದ್ದುನಿಂತಿತು. ಟಿಬೆಟ್ ಕಾಣದ ಮಕ್ಕಳು ಇಲ್ಲಿ ಹುಟ್ಟಿದರು.

ಈ ಮಕ್ಕಳ ಊರು ಯಾವುದು? ಹುಟ್ಟಿನ ಮೂಲವೇ ಊರು ಎಂದರೆ ಅವರು ಕಾಣದ ನಾಡಿಗೆ ಸೇರಿದವರು, ಇಂದಿನ ಬದುಕು ಬರೀ ತಂಗುದಾಣ. ಇರುವ ಜಾಗವೇ ಊರು ಎಂದರೆ ಹಿರಿಯರ ನೆನಪಿಗೆ ಬೆಲೆಯಿಲ್ಲ. ಎರಡೂ ಉತ್ತರಗಳು ಪ್ರೀತಿಯನ್ನು ಒಂದೇ ಕಡೆ ಸಲ್ಲಬೇಕಾದ ಆಸ್ತಿ ಎಂದು ಭಾವಿಸುತ್ತವೆ. ತಪ್ಪಿರುವುದು ಅಲ್ಲಿಯೇ.

ಕನ್ನಡದ ಬದುಕಿನ ‘ತವರು’ ಎಂಬ ಮಾತಿನಲ್ಲಿ ಇದಕ್ಕಿಂತ ಉತ್ತಮ ತಿಳಿವಳಿಕೆಯಿದೆ. ಹೊಕ್ಕ ಮನೆಯನ್ನು ಬೆಳಗುವ ಹೆಣ್ಣು ತವರನ್ನು ಮರೆತವಳಲ್ಲ. ಅದರ ಸುಖಕ್ಕೆ ಹರಸುತ್ತಲೇ ಇರುವವಳು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಕಥೆಯಲ್ಲಿ ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅಂದಿನಿಂದ ದೇವರು ಅವರಿಗೆ ಭಾವ. ಕುಸುಮಾಲೆ ಹೊರಟಿದ್ದರಿಂದ ತವರು ಕುಗ್ಗಲಿಲ್ಲ, ಹಿಗ್ಗಿತು. ಹಾಗೆಯೇ ಒಡೆಯರಪಾಳ್ಯದ ಜನ ಬೇರು ಬಿಟ್ಟಿದ್ದರಿಂದ ಟಿಬೆಟ್ ಚಿಕ್ಕದಾಗಲಿಲ್ಲ, ಹನೂರಿಗೆ ನೆಂಟನಾಯಿತು.

ಆದರೆ ಈ ಹೋಲಿಕೆಗೆ ಮಿತಿಯಿದೆ. ಮದುವೆಯಾದ ಮಗಳು ಹಬ್ಬಕ್ಕೆ ತವರಿಗೆ ಹೋಗಬಲ್ಲಳು. ನಿರಾಶ್ರಿತರಿಗೆ ಆ ದಾರಿ ಮುಚ್ಚಿದೆ. ಹೊಕ್ಕ ಮನೆಯಲ್ಲಿ ಹಕ್ಕಿಲ್ಲದ ಸೊಸೆಗೆ ಪ್ರೀತಿಯೊಂದೇ ಆಸರೆಯಾಗದು. ಟಿಬೆಟನ್ನರು ಉಳುವ ನೆಲ ಗುತ್ತಿಗೆಯದು, ಇರುವಿಕೆಗೆ ನೋಂದಣಿ ಪತ್ರ ಬೇಕು. ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಮಾಡಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂಬ ಕಾನೂನು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅರ್ಹತೆಯಿದ್ದೂ ಹಲವರು ಪೌರತ್ವ ಕೇಳಲಿಲ್ಲ. ಪಡೆದರೆ ಮರಳುವ ಆಸೆಯನ್ನೇ ಕೈಬಿಟ್ಟಂತೆ ಎಂಬ ಅಳುಕು ಅದಕ್ಕೊಂದು ಕಾರಣ.

ಈ ಅಳುಕನ್ನು ಹಗುರವಾಗಿ ಕಾಣಬಾರದು. ಕಳೆದುಕೊಂಡ ನಾಡಿನ ಮೇಲಿನ ಹಕ್ಕನ್ನು ಜೀವಂತವಾಗಿಡುವುದು ಹೋರಾಟ. ಆದರೆ ಆ ಹೋರಾಟ ಮಕ್ಕಳ ಅಭದ್ರತೆಯ ಮೇಲೆ ನಿಲ್ಲಬೇಕಿಲ್ಲ. ನೆಮ್ಮದಿಯ ಸೂರಿನಡಿಯಲ್ಲಿ ಭಾಷೆ, ಧರ್ಮ, ನೆನಪು ಹೆಚ್ಚು ಕಾಲ ಉಳಿಯುತ್ತವೆ ಎಂಬುದಕ್ಕೆ ಒಡೆಯರಪಾಳ್ಯದ ಮಠವೇ ಸಾಕ್ಷಿ.

ಹುಟ್ಟಿದ ನೆಲದಲ್ಲಿದ್ದೂ ನೆಲೆ ತಪ್ಪಬಹುದು ಎಂಬುದನ್ನು ಇದೇ ಸೀಮೆ ಕಂಡಿದೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ಕಾಡಿನೊಳಗಿದ್ದ ಸೋಲಿಗರನ್ನು ಅಂಚಿನ ಪೋಡುಗಳೆಂಬ ಹಾಡಿಗಳಿಗೆ ಕಳಿಸಲಾಯಿತು. ದೂರದವರಿಗೆ ನೆಲೆ ಸಿಕ್ಕ ಕಾಲದಲ್ಲೇ ಇಲ್ಲಿಯವರ ನೆಲೆ ಕದಲಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಪ್ರೀತಿ ಅವರಲ್ಲಿ ಎಂದೂ ಕಡಿಮೆಯಿರಲಿಲ್ಲ, ಇಲ್ಲವಾದದ್ದು ಹಕ್ಕು.

ಆದ್ದರಿಂದ ಮನೆಯೆಂದರೆ ಪ್ರೀತಿಯೂ ಹಕ್ಕೂ ಕೂಡಿದ ಜಾಗ. ಪ್ರೀತಿಯನ್ನು ನಿರಾಶ್ರಿತರು ತಾವೇ ತರುತ್ತಾರೆ, ಬೆಳೆಸುತ್ತಾರೆ. ಹಕ್ಕನ್ನು ಕೊಡಬೇಕಾದವರು ನೆಲದವರು. ಬೇರು ಬಿಟ್ಟವರನ್ನು ದ್ರೋಹಿಗಳೆನ್ನುವುದು ಅನ್ಯಾಯ. ಬೇರು ಬಿಟ್ಟ ಮೇಲೂ ಅತಿಥಿಗಳೆಂದೇ ಉಳಿಸುವುದೂ ಅನ್ಯಾಯ.