ಹಾರಿದ ಗಂಟೆಗೆ ಸಾಕ್ಷಿ ಯಾರು?

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮು ಶುರುವಾದರೆ ಭೀಮಾ ತೀರದ ಕಬ್ಬು ಟ್ರ್ಯಾಕ್ಟರುಗಳಲ್ಲಿ ಬಂದು ಕಾಟಾದ ಮೇಲೆ ನಿಲ್ಲುತ್ತದೆ. ತೂಕವಾಗುತ್ತದೆ, ಚೀಟಿ ಕೈಗೆ ಬರುತ್ತದೆ, ಕಬ್ಬು ನುರಿಸಲು ಹೋಗುತ್ತದೆ. ಅಲ್ಲಿಂದ ಮುಂದೆ ಆ ಕಬ್ಬು ಕಬ್ಬಾಗಿ ಎಲ್ಲಿಯೂ ಇಲ್ಲ. ಬಿಲ್ಲು ಬಂದಾಗ ಲೆಕ್ಕ ತಾಳೆಯಾಗದಿದ್ದರೆ ಇನ್ನೊಮ್ಮೆ ತೂಗಿಬಿಡೋಣ ಎನ್ನುವ ಹಾಗಿಲ್ಲ. ವರ್ಷವಿಡೀ ಬೆಳೆದದ್ದಕ್ಕೆಲ್ಲ ರೈತನ ಬಳಿ ಉಳಿಯುವ ಆಧಾರ ಆ ಚೀಟಿ ಮಾತ್ರ. ಕಬ್ಬಿನ ಸೀಮೆಯವರು ಅದನ್ನು ಎಷ್ಟು ಜೋಪಾನ ಮಾಡುತ್ತಾರೆಂಬುದು ಅಲ್ಲಿನ ಯಾವ ಮನೆಗೆ ಹೋದರೂ ತಿಳಿಯುತ್ತದೆ.

ಇದೇ ಕಲಬುರಗಿ ಜಿಲ್ಲೆಯಲ್ಲಿ ಈಗ ಇನ್ನೊಂದು ಬಗೆಯ ದುಡಿಮೆಯೂ ನಡೆಯುತ್ತಿದೆ. ಅದೂ ಮುಗಿದ ಕೂಡಲೇ ಕಣ್ಮರೆಯಾಗುವಂಥದು. ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಪೈಲಟ್ ತರಬೇತಿ ಶಾಲೆಗಳಿಗೆಂದು ಐದು ನಿಲ್ದಾಣಗಳನ್ನು ಆರಿಸಿಕೊಂಡಾಗ ಬೆಳಗಾವಿ, ಜಲಗಾಂವ್, ಖಜುರಾಹೊ, ಲೀಲಾಬಾರಿಗಳ ಜೊತೆಗೆ ಕಲಬುರಗಿಯೂ ಇತ್ತು. ತೊಗರಿ ಹೊಲಗಳ ಮೇಲೆ ಈಗ ಸಣ್ಣ ವಿಮಾನಗಳು ಸುತ್ತು ಹೊಡೆಯುತ್ತವೆ. ಒಳಗೆ ಕೂತ ವಿದ್ಯಾರ್ಥಿ ಇಳಿದು ಬಂದು ಒಂದು ಪುಸ್ತಕ ತೆಗೆದು ಒಂದು ಸಾಲು ಬರೆಯುತ್ತಾನೆ, ಬರೆಯುತ್ತಾಳೆ. ಆ ಹಾರಾಟದ ಗುರುತು ಆಕಾಶದಲ್ಲಿ ಉಳಿಯುವುದಿಲ್ಲ.

ಲಾಗ್‌ಬುಕ್ ಎಂದರೆ ಇಂಥ ಸಾಲುಗಳ ಪುಸ್ತಕ. ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಹೊರಟ ಸಮಯ, ನಿಂತ ಸಮಯ, ಹಗಲೋ ರಾತ್ರಿಯೋ, ಬೋಧಕರ ಜೊತೆಗೋ ಒಬ್ಬರೇ ಹೊಣೆ ಹೊತ್ತೋ, ಉಪಕರಣಗಳನ್ನಷ್ಟೇ ನಂಬಿ ಹಾರಿದ್ದೆಷ್ಟು, ಸಿಮ್ಯುಲೇಟರಿನಲ್ಲಿ ಕಳೆದದ್ದೆಷ್ಟು. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮಲ್ಲಿ 200 ಗಂಟೆ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿದ್ದಾಗಿರಬೇಕು. 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ದೂರದ ಹಾರಾಟ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದದ್ದು ಇರಬೇಕು. ರಾತ್ರಿ ಹಾರಾಟ 5 ಗಂಟೆ, ಹತ್ತು ಏರಿಕೆ, ಹತ್ತು ಇಳಿಕೆ. ವಿಮಾನಯಾನ ಕಂಪನಿಯ ಸಂದರ್ಶನಕ್ಕೆ ಹೋದಾಗ ಮೇಜಿನ ಮೇಲೆ ಇಡುವುದು ಈ ಪುಸ್ತಕವನ್ನೇ. ಎದುರಿಗೆ ಕೂತ ಹಿರಿಯ ಕ್ಯಾಪ್ಟನ್ ಪುಟ ತಿರುವುತ್ತಾರೆ. ಬೋಧಕರಿಲ್ಲದೆ ಹಾರಿದ ಮೊದಲ ಸೋಲೊ ಯಾವಾಗ, ಈ ಎಂಟು ತಿಂಗಳು ಯಾಕೆ ಖಾಲಿ, ಈ ರಾತ್ರಿ ಇಳಿಕೆಯಲ್ಲಿ ಗಾಳಿ ಯಾವ ಕಡೆಯಿಂದ ಇತ್ತು ಎಂದು ಕೇಳುತ್ತಾರೆ.

ಸಿಕ್ಕಿಬೀಳಬಾರದೆಂಬ ಕಾರಣಕ್ಕೆ ಲಾಗ್‌ಬುಕ್ ಸರಿಯಾಗಿರಬೇಕು ಎನ್ನುವವರಿದ್ದಾರೆ. ನನಗೆ ಆ ಕಾರಣ ಸಾಲದು. ಸಿಕ್ಕಿಬೀಳುವ ಭಯ ಹೋದ ದಿನ ಆ ಕಾರಣವೂ ಹೋಗುತ್ತದೆ. ನಾನು ಕೇಳಿಕೊಳ್ಳುವುದು ಬೇರೆ: ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ಪ್ರಮಾಣವಾಗುವುದು ಹೇಗೆ?

ಈ ಪ್ರಶ್ನೆಗೆ ಕಲಬುರಗಿಯ ನೆಲದಲ್ಲೇ ಹಳೆಯ ಉತ್ತರವೊಂದಿದೆ. ಮರತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಷಯಕ್ಕೆ ಅದನ್ನು ನೆನೆಯುವವರೇ ಹೆಚ್ಚು. ಆದರೆ ವ್ಯಾಜ್ಯದಲ್ಲಿ ಯಾವುದನ್ನು ನಂಬಬೇಕು ಎಂಬ ವಿಚಾರವೂ ಅಲ್ಲಿ ವಿವರವಾಗಿದೆ. ಮನುಷ್ಯರ ಕೈಯಲ್ಲಿರುವ ಪ್ರಮಾಣಗಳು ಮೂರು: ಬರಹ, ಸಾಕ್ಷಿ, ಅನುಭೋಗ — ಅಂದರೆ ಸ್ವಾಧೀನದಲ್ಲಿಟ್ಟುಕೊಂಡು ಅನುಭವಿಸುತ್ತ ಬಂದದ್ದು. ಬರಹದ ಬಗ್ಗೆ ಸ್ಮೃತಿ ಒಂದು ವಿಶೇಷ ವಿನಾಯಿತಿ ಕೊಡುತ್ತದೆ. ಸ್ವಂತ ಕೈಯಿಂದ ಬರೆದ ಪತ್ರಕ್ಕೆ ಸಾಕ್ಷಿಗಳ ಸಹಿ ಇಲ್ಲದಿದ್ದರೂ ನಡೆಯುತ್ತದೆ. ಬಲಾತ್ಕಾರದಿಂದಲೋ ಮೋಸದಿಂದಲೋ ಬರೆಸಿರಬಾರದು, ಅಷ್ಟೇ.

ಮೇಲುನೋಟಕ್ಕೆ ಲಾಗ್‌ಬುಕ್ಕಿಗೆ ಇದು ಒಪ್ಪುವಂತೆ ಕಾಣುತ್ತದೆ. ಆದರೆ ಆ ಮಾತು ಬರುವುದು ಸಾಲಪತ್ರದ ಪ್ರಕರಣದಲ್ಲಿ. ಇಷ್ಟು ಹಣ ಪಡೆದಿದ್ದೇನೆ, ಕೊಡಬೇಕಾಗಿದೆ ಎಂದು ಸಾಲಗಾರ ತನ್ನ ಕೈಯಾರೆ ಬರೆದರೆ ಅದು ಅವನಿಗೇ ಭಾರ. ಯಾರೂ ತಮ್ಮ ಮೇಲೆ ಇಲ್ಲದ ಭಾರ ಹೇರಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ನಂಬಬಹುದು. ಪೈಲಟ್ ಬರೆಯುವುದು ಇದರ ತದ್ವಿರುದ್ಧ. ಪ್ರತಿ ಸಾಲೂ ಅವನ ಲಾಭಕ್ಕೆ ಕೂಡುತ್ತದೆ, ಪ್ರತಿ ಗಂಟೆಯೂ ಅವನನ್ನು ಕೆಲಸಕ್ಕೆ ಹತ್ತಿರ ತರುತ್ತದೆ. ತನ್ನ ಪರವಾಗಿ ತಾನೇ ಬರೆದ ಬರಹಕ್ಕೆ ಸ್ವಂತ ಕೈಯ ವಿನಾಯಿತಿ ಸಲ್ಲದು. ಅದಕ್ಕೆ ಸಾಕ್ಷಿ ಬೇಕೇ ಬೇಕು.

ಸಾಕ್ಷಿಗಳೇನೋ ಇವೆ. ಒಂದೇ ಗಂಟೆ ಹಲವು ಕಡೆ ದಾಖಲಾಗುತ್ತದೆ. ವಿಮಾನದ್ದೇ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ, ತುಂಬಿದ ಇಂಧನದ ಲೆಕ್ಕದಲ್ಲಿ, ಸಂಚಾರ ನಿಯಂತ್ರಣ ಗೋಪುರದ ದಾಖಲೆಯಲ್ಲಿ, ಇಷ್ಟು ಗಂಟೆಗೊಮ್ಮೆ ಆಗಬೇಕಾದ ಎಂಜಿನ್ ತಪಾಸಣೆಯ ಪಟ್ಟಿಯಲ್ಲಿ ಅದು ಸಿಗುತ್ತದೆ. ಇವೆಲ್ಲ ಪರಸ್ಪರ ಪರಿಚಯವಿಲ್ಲದ ಸಾಕ್ಷಿಗಳು; ಅವು ಒಂದೇ ಮಾತು ಹೇಳಿದರೆ ಆ ಮಾತು ಗಟ್ಟಿ. ಕೆಡುಕು ಹುಟ್ಟುವುದು ಸಾಕ್ಷಿ ಹೇಳಬೇಕಾದವರೇ ಬರೆಯುವವನ ಜೊತೆ ಸೇರಿಕೊಂಡಾಗ. 2011ರಲ್ಲಿ ಪರೀಕ್ಷೆಯ ನಕಲಿ ಅಂಕಪಟ್ಟಿ ಕೊಟ್ಟು ವಾಣಿಜ್ಯ ಪರವಾನಗಿಗಿಂತ ಮೇಲಿನ ಪರವಾನಗಿ ಪಡೆದಿದ್ದ ಪೈಲಟ್‌ಗಳು ನಮ್ಮ ದೇಶದಲ್ಲಿ ಸಿಕ್ಕಿಬಿದ್ದರು. ಅದೇ ವರ್ಷ ರಾಜಸ್ಥಾನದ ಭ್ರಷ್ಟಾಚಾರ ನಿಗ್ರಹ ದಳ ಹಾರದ ಗಂಟೆಗಳನ್ನು ಹಾರಿದಂತೆ ಬರೆದ ಪ್ರಕರಣದ ಬೆನ್ನು ಹತ್ತಿತು, ಬಂಧನಗಳೂ ಆದವು. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಅಂಕಪಟ್ಟಿಯನ್ನು ಒಬ್ಬನೇ ಕೂತು ತಿದ್ದಬಹುದು. ಹಾರದ ಗಂಟೆಗೆ ಇನ್ನೊಬ್ಬರ ಸಹಿ ಬೇಕು.

ಹಾಗಾದರೆ ವಿದ್ಯಾರ್ಥಿಯನ್ನಷ್ಟೇ ಬೈಯುವುದು ನ್ಯಾಯವೇ? ತರಬೇತಿಯ ಖರ್ಚು ಅರ್ಧ ಕೋಟಿಯ ಆಸುಪಾಸು. ಒಂದು ಗಂಟೆಯ ಹಾರಾಟಕ್ಕೆ ಹತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. ಹೊಲ ಒತ್ತೆಯಿಟ್ಟು ಮಗಳನ್ನು ಕಳಿಸಿದ ಮನೆಯಲ್ಲಿ, ವಿಮಾನ ರಿಪೇರಿಗೆ ನಿಂತಿದೆ, ಬೋಧಕರಿಲ್ಲ ಎಂದು ತಿಂಗಳುಗಟ್ಟಲೆ ಕಾಯಿಸಿದರೆ, ಅರ್ಧ ಗಂಟೆಯನ್ನು ಮುಕ್ಕಾಲು ಮಾಡುವ ಆಸೆ ಎಲ್ಲಿಂದ ಬರುತ್ತದೆಂದು ಹೇಳಬೇಕಾಗಿಲ್ಲ. ಆ ಒತ್ತಡ ನಿಜ. ಆದರೆ ಮುಂದೊಂದು ದಿನ ಆಕೆಯ ಹಿಂದಿನ ಸೀಟುಗಳಲ್ಲಿ ಕೂರುವ ನೂರೆಂಬತ್ತು ಜನರಿಗೆ ಆ ಒತ್ತಡದ ಅರಿವಿಲ್ಲ. ಅವರು ಪುಸ್ತಕ ತೆರೆದು ನೋಡುವುದಿಲ್ಲ, ನೋಡುವ ದಾರಿಯೂ ಅವರಿಗಿಲ್ಲ. ಅವರ ಪರವಾಗಿ ನೋಡುವವರು ಸಂದರ್ಶನದ ಮೇಜಿನಾಚೆ ಕೂತವರು.

ಗಂಟೆಗಳ ಲೆಕ್ಕದಿಂದ ಚಾತುರ್ಯ ತಿಳಿಯುವುದಿಲ್ಲ, ಸಿಮ್ಯುಲೇಟರಿನಲ್ಲಿ ಕೂರಿಸಿದರೆ ಎಲ್ಲ ಬಯಲಾಗುತ್ತದೆ ಎಂಬ ಆಕ್ಷೇಪಣೆಯಿದೆ. ಇದರಲ್ಲಿ ಹುರುಳಿದೆ. ಸ್ಮೃತಿ ಹೇಳುವ ಅನುಭೋಗದ ಪ್ರಮಾಣಕ್ಕೆ ಸಿಮ್ಯುಲೇಟರು ಹತ್ತಿರದ್ದು: ಹಾರಿದವನ ಕೈಕಾಲುಗಳಲ್ಲಿ ಹಾರಾಟ ಕೂತಿರುತ್ತದೆ. ಆದರೆ ಒಂದೆರಡು ಗಂಟೆಯ ಪರೀಕ್ಷೆ ಎಲ್ಲವನ್ನೂ ಕೆದಕಲಾರದು. ಎಲ್ಲಿ ಕೆದಕಬೇಕೆಂದು ತೋರಿಸುವುದೇ ಲಾಗ್‌ಬುಕ್. ರಾತ್ರಿ ಹಾರಾಟ ನಿಯಮಕ್ಕೆ ಬೇಕಾದಷ್ಟೇ ಇದೆಯೆಂದು ಪುಸ್ತಕ ಒಪ್ಪಿಕೊಂಡರೆ ಕಂಪನಿ ಅಲ್ಲಿ ಹೆಚ್ಚು ತರಬೇತಿ ಕೊಡಬಹುದು. ಇಲ್ಲದ್ದನ್ನು ಇದೆಯೆಂದು ಬರೆದವನು ತನಗೆ ಸಿಗಬೇಕಾದ ಆ ತರಬೇತಿಯನ್ನು ತಾನೇ ಕಳೆದುಕೊಂಡ. ಲಾಗ್‌ಬುಕ್ಕಿನ ಬೆಲೆಯಿರುವುದು ದೊಡ್ಡ ಮೊತ್ತದಲ್ಲಲ್ಲ, ತನಗೆ ಅನನುಕೂಲವಾದ ಸಾಲುಗಳಲ್ಲಿ ಎಂದು ನಾನು ಹೇಳುವುದು ಇದಕ್ಕೇ. ಖಾಲಿ ತಿಂಗಳುಗಳು, ಬೋಧಕರ ಜೊತೆ ಮತ್ತೆ ಮಾಡಿದ ಪಾಠ, ಸಿಮ್ಯುಲೇಟರಿನದೆಂದು ಬೇರೆಯೇ ಬರೆದ ಗಂಟೆಗಳು — ಇವು ಸಾಲಪತ್ರದ ಜಾತಿಯ ಬರಹಗಳು. ಇವು ಪ್ರಾಮಾಣಿಕವಾಗಿದ್ದರೆ ಉಳಿದವನ್ನೂ ನಂಬಲು ಮನಸ್ಸಾಗುತ್ತದೆ.

ಸುಳ್ಳು ಬೇರೆ, ಮರೆವು ಬೇರೆ ಎಂಬುದನ್ನು ಒಪ್ಪಲೇಬೇಕು. ಆದರೆ ಕಾಗದದ ಮೇಲೆ ಎರಡಕ್ಕೂ ಒಂದೇ ಮುಖ. ವಿಮಾನಯಾನದ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಸುಕಿನ 5.15 ಎಂದರೆ ಅಲ್ಲಿ ಹಿಂದಿನ ದಿನದ 23.45. ಸಮಯವನ್ನು ಯುಟಿಸಿಯಲ್ಲೂ ದಿನಾಂಕವನ್ನು ನಮ್ಮ ಪಂಚಾಂಗದಲ್ಲೂ ಬರೆದರೆ, ಗೋಪುರದ ದಾಖಲೆಯಲ್ಲಿ ಇಲ್ಲದ ಹಾರಾಟವೊಂದು ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ. ಗಂಟೆಯನ್ನು ಎಣಿಸಬೇಕಾದದ್ದು ಹಾರಲೆಂದು ವಿಮಾನ ಕದಲಿದ ಕ್ಷಣದಿಂದ ಕೊನೆಗೆ ನಿಂತ ಕ್ಷಣದವರೆಗೆ. ಚಕ್ರ ನೆಲ ಬಿಟ್ಟಲ್ಲಿಂದ ಎಣಿಸಿದರೆ ಇನ್ನೊಂದು ವ್ಯತ್ಯಾಸ. ಪುಟದ ಕೊನೆಯ ಮೊತ್ತ ತಪ್ಪಿದರೆ ಮುಂದಿನ ಪುಟಗಳೆಲ್ಲ ಆ ತಪ್ಪನ್ನು ಹೊತ್ತು ಸಾಗುತ್ತವೆ. ಬರೆದವಳ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂದು ಸಂದರ್ಶಕರಿಗೆ ತಿಳಿಯುವುದು ಹೇಗೆ? ಒಳಗಿನ ನಿಷ್ಕಪಟತೆ ಹೊರಗೆ ಕಾಣಬೇಕಾದರೆ ನಿಖರತೆಯ ಮೂಲಕವೇ ಕಾಣಬೇಕು. ಹೀಗಾಗಿ ತಪ್ಪನ್ನು ಮುಚ್ಚುವ ವೈಟ್ನರ್ ಲಾಗ್‌ಬುಕ್ಕಿನಲ್ಲಿ ಕೂಡದು. ಒಂದೇ ಗೆರೆ ಎಳೆದು, ಕೆಳಗಿನದು ಓದುವಂತೆಯೇ ಬಿಟ್ಟು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಈ ಪದ್ಧತಿಯನ್ನು ನಾನು ಬಹಳ ಮೆಚ್ಚುತ್ತೇನೆ. ತಪ್ಪು ಆಗಿಲ್ಲವೆಂದು ಅದು ನಟಿಸುವುದಿಲ್ಲ.

ಕಂಪ್ಯೂಟರ್ ಲಾಗ್‌ಬುಕ್ ಬಂದ ಮೇಲೆ ಕೂಡುವಾಗಿನ ತಪ್ಪು ಕಡಿಮೆಯಾಗಿದೆ. ಆದರೆ ಹಾರದ ಗಂಟೆಯನ್ನೂ ಯಂತ್ರ ಅಷ್ಟೇ ಅಚ್ಚುಕಟ್ಟಾಗಿ ಕೂಡಿಕೊಡುತ್ತದೆ.

ಕೆಲವರ ಸುಳ್ಳು ಕೊನೆಗೆ ಯಾರ ತಲೆಗೆ ಬರುತ್ತದೆಂಬುದನ್ನು 2020 ತೋರಿಸಿತು. ಪಾಕಿಸ್ತಾನದ ವಿಮಾನಯಾನ ಸಚಿವರು ತಮ್ಮ ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಪರವಾನಗಿ ಅನುಮಾನಾಸ್ಪದ ಎಂದು ಸಂಸತ್ತಿನಲ್ಲೇ ಹೇಳಿದರು. ಕೆಲವೇ ದಿನಗಳಲ್ಲಿ ಆ ದೇಶದ ಸರ್ಕಾರಿ ವಿಮಾನ ಸಂಸ್ಥೆಗೆ ಯುರೋಪ್ ಬಾಗಿಲು ಹಾಕಿತು. ಅದು ಮತ್ತೆ ತೆರೆದದ್ದು 2024ರ ಕೊನೆಗೆ. ನೆಟ್ಟಗೆ ಓದಿ, ನೆಟ್ಟಗೆ ಹಾರಿ, ನೆಟ್ಟಗೆ ಬರೆದವರ ಪುಸ್ತಕಗಳನ್ನೂ ಆ ನಾಲ್ಕು ವರ್ಷ ಜಗತ್ತು ಅನುಮಾನದಿಂದ ನೋಡಿತು.

ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ಜಕ್ಕೂರಿನಲ್ಲೋ ಕಲಿಯುವವರಿಗೆ ಸುಳ್ಳು ಬರೆಯಬೇಡಿ ಎಂದಷ್ಟೇ ಹೇಳಿ ನಾವು ಸುಮ್ಮನಾಗುವಂತಿಲ್ಲ. ತಿಂಗಳಿಗೊಮ್ಮೆ ವಿದ್ಯಾರ್ಥಿಯ ಲಾಗ್‌ಬುಕ್ಕನ್ನೂ ವಿಮಾನದ ಟೆಕ್ ಲಾಗನ್ನೂ ಪಕ್ಕಪಕ್ಕ ಇಟ್ಟು, ವಿದ್ಯಾರ್ಥಿಯ ಕಣ್ಣೆದುರೇ ತಾಳೆ ನೋಡುವ ಕೆಲಸ ಶಾಲೆಯದು. ಟೆಕ್ ಲಾಗಿನ ಆ ಪುಟದ ಪ್ರತಿ ಕೇಳುವ ಹಕ್ಕು ವಿದ್ಯಾರ್ಥಿಯದು. ಕಾದು ಕೂತ ದಿನಗಳನ್ನೂ ಕಾರಣ ಸಹಿತ ಶಾಲೆ ಬರೆದುಕೊಡಬೇಕು. ಆಗ ಸಂದರ್ಶನದಲ್ಲಿ ಆ ಎಂಟು ಖಾಲಿ ತಿಂಗಳ ಪ್ರಶ್ನೆ ಬಂದರೆ, ಉತ್ತರ ಕೊಡಬೇಕಾದವಳು ಆ ಹುಡುಗಿಯೊಬ್ಬಳೇ ಆಗಿರುವುದಿಲ್ಲ.