ಕೇಳಿದ ಅರಿವು, ಮಾಡಿದ ಅರಿವು

ಗುರುವು ಬೋಧಿಸಿದುದನ್ನು ಶಿಷ್ಯನು ಕೇಳಿ ತಿಳಿದರೆ ಸಾಲದೆ? ತನ್ನ ಕೈಯಿಂದ ಮಾಡಿಯೇ ನೋಡಬೇಕೆ? ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ವಸ್ತುವಿನ ವಿಷಯದಲ್ಲಿ ಈ ಜಿಜ್ಞಾಸೆ ಇನ್ನಷ್ಟು ಬಲವಾಗುತ್ತದೆ. ಇಂದಿನ ವಿಜ್ಞಾನದಿಂದಲೇ ಒಂದು ನಿದರ್ಶನವನ್ನು ನೋಡೋಣ.

ಸೀಸದ ಕಡ್ಡಿಗೆ ಬಳಸುವ ಗ್ರಾಫೈಟ್ ಇಂಗಾಲದ ಪರಮಾಣುಗಳ ಪದರಗಳಿಂದಾದುದು. ಪದರದೊಳಗಿನ ಬಂಧ ಬಲು ದೃಢ. ಪದರಗಳ ನಡುವಣ ಬಂಧ ಸಡಿಲ. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಪದರಗಳಿರುತ್ತವೆ. ಅಂಥ ಒಂದೇ ಪದರಕ್ಕೆ ಗ್ರಾಫೀನ್ ಎಂದು ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮತ್ತು ಅವರ ಸಂಗಡಿಗರು ಸಾಮಾನ್ಯ ಅಂಟುಪಟ್ಟಿಯಿಂದಲೇ ಅದನ್ನು ಬಿಡಿಸಿ, 2004ರಲ್ಲಿ ಅದರ ಗುಣಗಳನ್ನು ಪ್ರಕಟಿಸಿದರು. 2010ರಲ್ಲಿ ಆ ಇಬ್ಬರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಸಾಧನ ಸುಲಭವಾದುದರಿಂದ ಪದವಿ ತರಗತಿಯ ವಿದ್ಯಾರ್ಥಿಗಳೂ ಈ ಪ್ರಯೋಗವನ್ನು ಮಾಡಬಲ್ಲರು. ಗ್ರಾಫೈಟಿನ ಚೂರನ್ನು ಪಟ್ಟಿಗೆ ಅಂಟಿಸಿ, ಮಡಿಸಿ ಬಿಡಿಸಿ ಹಲವು ಬಾರಿ ಸೀಳಿ, ತೆಳುವಾದ ಆಕ್ಸೈಡ್ ಲೇಪವುಳ್ಳ ಸಿಲಿಕಾನ್ ಬಿಲ್ಲೆಗೆ ಒತ್ತುವುದು; ಬಳಿಕ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು. ಬಿಲ್ಲೆಯ ಮೇಲೆ ಕಾಣುವವು ಬಹುಪಾಲು ದಪ್ಪ ಚೂರುಗಳೇ. ಏಕಪದರವಾದರೋ ಹಿನ್ನೆಲೆಗಿಂತ ತುಸುವೇ ಗಾಢವಾದ ಒಂದು ನೆರಳು.

“ಸಿದ್ಧ ಮಾದರಿಯನ್ನೇ ಕೈಗಿತ್ತರೆ ಕಾಲ ಉಳಿಯುವುದಿಲ್ಲವೆ?” ಎಂದು ಕೇಳುವವರುಂಟು. ಕಾಲವೇನೋ ಉಳಿದೀತು, ಆದರೆ ಶಿಕ್ಷಣದ ಸಾರವೇ ಸೋರಿಹೋದೀತು. ಗಂಟೆಗಟ್ಟಲೆ ಹುಡುಕಿ ದಣಿದ ಮನಸ್ಸು ಎರಡು ಪದರದ ಚೂರನ್ನೇ ‘ಒಂದು’ ಎಂದು ಬರೆದುಬಿಡಲು ಹಾತೊರೆಯುತ್ತದೆ. ವಿದ್ಯಾರ್ಥಿಯ ಸತ್ಯನಿಷ್ಠೆಗೆ ಪರೀಕ್ಷೆ ಒದಗುವುದು ಆ ಗಳಿಗೆಯಲ್ಲಿ.

ಇಲ್ಲಿ ಸಾಕ್ಷಿ ಹೇಳಬಲ್ಲದು 1928ರಲ್ಲಿ ನಮ್ಮ ದೇಶದಲ್ಲಿಯೇ ಪ್ರಕಟವಾದ ರಾಮನ್ ಪರಿಣಾಮ. ಲೇಸರ್ ಕಿರಣವನ್ನು ಹಾಯಿಸಿ ಚದುರಿದ ಬೆಳಕನ್ನು ಅಳೆದಾಗ, ಏಕಪದರವು ಒಂದು ನಿರ್ದಿಷ್ಟ ಸ್ಥಾನದಲ್ಲಿ ಒಂದೇ ಚೂಪಾದ ಶಿಖರವನ್ನು ತೋರುತ್ತದೆ. ದ್ವಿಪದರದಲ್ಲಿ ಅದೇ ಶಿಖರ ಅಗಲವಾಗಿ ರೂಪಗೆಡುತ್ತದೆ. ಊಹೆ ಸುಳ್ಳಾದಾಗ ಅದನ್ನು ಅಳಿಸಿ ಮರೆಮಾಚದೆ, “ನಾನು ಹೀಗೆಣಿಸಿದ್ದೆ, ಅದು ಹಾಗಿಲ್ಲ” ಎಂದು ಬರೆಯಬಲ್ಲವನೇ ನಿಜವಾದ ವಿದ್ಯಾರ್ಥಿ.

ಆದರೆ ಈ ಹೊಣೆ ಶಿಷ್ಯನೊಬ್ಬನದೇ ಅಲ್ಲ. ಏಕಪದರ ಸಿಕ್ಕವನಿಗೆ ಮಾತ್ರ ಅಂಕ ಕೊಡುವ ಉಪಾಧ್ಯಾಯನು ಸುಳ್ಳಿಗೆ ತಾನೇ ಬೆಲೆ ಕಟ್ಟಿದಂತಾಯಿತು. ಸಿಗದಿದ್ದುದನ್ನು ಸಿಗಲಿಲ್ಲವೆಂದು ಬರೆದವನನ್ನೂ ಮನ್ನಿಸಿ ಅಂಕವೀಯುವುದೇ ಗುರುಧರ್ಮ. ನುಡಿ ನಡೆಗಳು ಒಂದಾಗಬೇಕೆಂದು ನಿತ್ಯವೂ ಹೇಳುವ ನಾವು, ಮಕ್ಕಳು ಹಾಗೆ ನಡೆದಾಗ ಅವರಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಬೇಡವೆ?